ವಿಶ್ರಾಂತಿಯ ಕಾಲಂ

ಹೂವಣ್ಣನ ತಲೆಯೊಳಗೆ
ಎಡಗೈ ಬೆರಳಿನ ಜಾಗ
ಲಂಡನ್ನಿನ ತಂತ್ರಾಂಶದಲ್ಲಿ ಕೆಂಡ,
ಆಕ್ಸ್‌ಫರ್ಡಿನದರಲ್ಲಿ ಬೂದಿ.

ಒಬ್ಬನೇ ಮನುಷ್ಯ, ಒಂದೇ ಮಂಗಳವಾರ,
ಅದೇ ಆರು ನಿಮಿಷ ಕೊಳವೆಯೊಳಗೆ ಮಲಗಿದ್ದು.
ಸ್ಟ್ರೋಕ್ ಹೊಡೆದು ಎಂಟು ತಿಂಗಳು.
ಎಡಗೈಗೆ ಇನ್ನೂ ವ್ಯಾಯಾಮ ಕೊಡಲೋ, ಬಿಡಲೋ
ಅಂತ ಫಿಸಿಯೋದವರು ಕೇಳಿದ್ದಾರೆ.
ನ್ಯೂರಾಲಜಿ ಮೇಡಂ ನಮ್ಮಿಬ್ಬರನ್ನು ನೋಡಿ
"ಯಾವುದ್ರೀ ನಿಜ?" ಅಂದು ರೌಂಡ್ಸಿಗೆ ಹೋದರು.

ಫರ್ಹಾನಾ ಒಂದು ಕುರ್ಚಿ ಎಳೆದಳು. ನಾನು ಇನ್ನೊಂದು.

ನಮ್ಮ ತಾತ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಹುರುಳಿ ಅಳೆಯುತ್ತಿದ್ದವನು.
ಕೊಡುವಾಗ ಸೇರಿನ ಬಾಯಿಗೆ ಕೋಲೆಳೆದು ಮಟ್ಟ,
ಕೊಳ್ಳುವಾಗ ಗೋಪುರ.
ಎರಡೂ ಸೇರೇ, ಯಾವುದೂ ಸುಳ್ಳಲ್ಲ ಅನ್ನುತ್ತಿದ್ದ.
ಅಜ್ಜಿ ಮಾತ್ರ ಲೆಕ್ಕದ ಪುಸ್ತಕದಲ್ಲಿ
ಮಟ್ಟಕ್ಕೊಂದು ಗೀಟು, ಗೋಪುರಕ್ಕೊಂದು ಸೊನ್ನೆ ಹಾಕಿಡುತ್ತಿದ್ದಳು.
ನಾನು ಸಂಖ್ಯಾಶಾಸ್ತ್ರ ಕಲಿತದ್ದು ಆಮೇಲೆ.

ಹಾಗೇ ಶುರುಮಾಡಿದೆವು:
ಹೊಂದಿದ್ದಕ್ಕೆ ಗೀಟು, ಹೊಂದದ್ದಕ್ಕೆ ಸೊನ್ನೆ.
ಮಬ್ಬು, ಇಲ್ಲಿ ಎಂಟು ಮಿಲಿಮೀಟರ್, ಅಲ್ಲಿ ಐದು.
ಎರಡಕ್ಕೂ ಐದು. ಕೆಂಡ ಒಂದಿಷ್ಟು ಕುಗ್ಗಿತು.
ನಿಧಾನದ ಅಲೆ ಸೋಸುವ ಜರಡಿ,
ಇಲ್ಲಿ ನೂರಿಪ್ಪತ್ತೆಂಟು ಸೆಕೆಂಡು, ಅಲ್ಲಿ ನೂರು.
ಕಣ್ಣಿನ ಅಳತೆ ಒಂದೇ ಮಾಡಿದರೂ
ಒಬ್ಬರದು ಕೊಸೈನಿನ ಹೆಣಿಗೆ, ಇನ್ನೊಬ್ಬರದು ಬೇರೆ ನೂಲು.
ಇರಲಿ, ಅಂದಳು ಫರ್ಹಾನಾ.
ಇರಲಿ ಅಂತಲೇ ಬರೆದುಕೊಂಡೆ.

ಬೆರಳಾಡಿದ ಮೇಲೆ ರಕ್ತ ಬರಲು ಐದಾರು ಸೆಕೆಂಡು ಬೇಕು,
ಕರೆದ ಕೂಡಲೇ ಎದ್ದು ಬರುವ ಜಾತಿಯಲ್ಲ ಅದು.
ಅದರ ಏರು, ಇಳಿತ, ಇಳಿದ ಮೇಲಿನ ಸಣ್ಣ ಹಳ್ಳ
ಒಂದು ಕಡೆ ಎರಡು ಗಾಮಾ ಸೇರಿ ಬರೆದ ಗುಡ್ಡ;
ಇನ್ನೊಂದು ಕಡೆ ಒಂದೇ ಗಾಮಾ, ಹಳ್ಳವೇ ಇಲ್ಲ.
ಅದರ ಪಕ್ಕ, ನಾವು ಕೇಳದೆಯೇ ಟಿಕ್ ಆಗಿ ಕೂತ
ಕಾಲದ ಡೆರಿವೇಟಿವ್,
ತಡವಾಗಿ ಬಂದವರನ್ನೂ ಒಳಗೆ ಬಿಡುವ ಪೆಟ್ಟಿಗೆ.
ಅಲ್ಲಿ ತೆಗೆಯೋಣವೋ, ಇಲ್ಲಿ ಹಾಕೋಣವೋ?
"ಸ್ಟ್ರೋಕ್ ಆದವರ ರಕ್ತ. ತಡ ಆಗ್ದೇ ಇರುತ್ತಾ?"
ಎರಡೂ ಕಡೆ ಹಾಕಿದೆವು.

ರಾತ್ರಿ ಹತ್ತೂವರೆ. ಕ್ಯಾಂಟೀನಿನವನು ಬಂದು ಲೋಟ ಕೇಳಿಕೊಂಡು ಹೋದ.

ಗದ್ದಲಕ್ಕೂ ನೆನಪಿರುತ್ತದೆ:
ಈ ಕ್ಷಣದ ಸದ್ದು ಹಿಂದಿನ ಕ್ಷಣದ ಮಗ.
ಲಂಡನ್ನಿನದು ಇಡೀ ಮಿದುಳಿಗೆ ಒಂದೇ ಕಾನೂನು ಓದುತ್ತದೆ;
ಆಕ್ಸ್‌ಫರ್ಡಿನದು ಗಣತಿಯವರ ಹಾಗೆ
ಒಂದೊಂದೇ ಮನೆಯ ಕದ ತಟ್ಟಿ ವಿಚಾರಿಸುತ್ತದೆ.
ಇದಕ್ಕೆ ಗುಂಡಿಯಿಲ್ಲ. ಇದು ಹೊಂದುವುದಿಲ್ಲ.
ಸೊನ್ನೆ ಹಾಕಿ, ಅದರ ಸುತ್ತ ಇನ್ನೊಂದು ಸೊನ್ನೆ ಹಾಕಿದೆ.

ಬೆಳಗ್ಗೆ ಎರಡು ಚಿತ್ರ ಹತ್ತಿರ ಬಂದಿದ್ದವು,
ಮಾತು ಬಿಟ್ಟ ಅಣ್ಣತಮ್ಮಂದಿರು
ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ.
ಬಲ ಮಿದುಳಿನ ಪಟ್ಟಿಯ ಮೇಲೆ ಎರಡರಲ್ಲೂ ಮಂಕು ಕಿತ್ತಳೆ.
ಹೌದು ಅನ್ನಲು ಕಮ್ಮಿ, ಇಲ್ಲ ಅನ್ನಲು ಜಾಸ್ತಿ.

ಹೂವಣ್ಣ ರಿಪೋರ್ಟಿಗೆ ಬಂದಿದ್ದ,
ಒಗೆದ ಖಾಕಿ ಅಂಗಿ ತೊಟ್ಟು.
ಕೇಳಿದೆ: ಪರದೆ ಮೇಲೆ ವಿಶ್ರಾಂತಿ ಅಂತ ಬಂದಾಗ
ಏನು ಮಾಡುತ್ತಿದ್ದಿರಿ?
"ಸುಮ್ನಿದ್ದೆ ಕಣಮ್ಮ."
ಸುಮ್ಮನೆ ಅಂದರೆ?
"ಮಿಷನ್ನು ಟಕಟಕ ಅಂತಿತ್ತಲ್ಲ, ಗಾಡಿ ಹೊಂಟಂಗಾಯ್ತು.
ಮನಸಲ್ಲೇ ಟಿಕೆಟ್ ಹರೀತಿದ್ದೆ.
ಕಂದಲಿ, ಬೈರಾಪುರ, ಪಾಳ್ಯ..."
ಹೇಳುತ್ತಿದ್ದ ಹಾಗೆ ಎಡ ಹೆಬ್ಬೆರಳು
ತೋರುಬೆರಳ ಮೇಲೆ ತಾನೇ ಉಜ್ಜಿತು.
ಬಾಳ್ಳುಪೇಟೆ ತನಕ ಹೋಗಿ ನಿಂತಿತು.

ಫರ್ಹಾನಾ ನನ್ನ ಮುಖ ನೋಡಿದಳು.
ಆ ಹೊತ್ತನ್ನು ಎರಡೂ ತಂತ್ರಾಂಶ ಏನೂ ಇಲ್ಲ ಅಂತ ಹಿಡಿದಿದ್ದವು.
ಅದೊಂದರಲ್ಲಿ ಮೊದಲಿನಿಂದಲೂ ಜಗಳವೇ ಇರಲಿಲ್ಲ;
ಅದಕ್ಕೇ ನಮ್ಮ ಹಾಳೆಯಲ್ಲಿ ಅದರ ಹೆಸರೂ ಇಲ್ಲ,
ಗೀಟೂ ಇಲ್ಲ, ಸೊನ್ನೆಯೂ ಇಲ್ಲ.

ಮುಂದಿನ ಮಂಗಳವಾರಕ್ಕೆ ಮತ್ತೆ ಸ್ಲಾಟ್ ಕೇಳಿದ್ದೇನೆ.
ಈ ಸಲ ವಿಶ್ರಾಂತಿಗೂ ಒಂದು ಕಾಲಂ.
ಆಗ ಏನು ಮಾಡಿಸುವುದು, ಗೊತ್ತಿಲ್ಲ.
"ಲಾಸ್ಟ್ ಟ್ರಿಪ್ಪು ಮುಗ್ದು ಎಲ್ಲ ಇಳಿದ್ಮೇಲೆ
ಖಾಲಿ ಸೀಟು ನೋಡ್ತಾ ನಿಂತಿರ್ತೀನಲ್ಲ,
ಅದನ್ನ ನೆನೆಸ್ಕೊಳ್ಳಾ?" ಅಂದ ಹೂವಣ್ಣ.

ಹೂಂ ಅಂದೆ.
ಮೇಡಂ ಎರಡನೇ ಸಲ ಫೋನು ಮಾಡುತ್ತಿದ್ದಾರೆ.