ಅಳಿವೆಯಲ್ಲಿ ಒಂದು ಉಬ್ಬು

ಕೋಡಿಬಾಗದ ಬಾಡಿಗೆ ಮಾಳಿಗೆಯಲ್ಲಿ
ಹೋದ ಕರೆಂಟು ಬಂದಾಗ ಪರದೆ ಮತ್ತೆ ಬೆಳಗಿತು.
ಅದೇ ಗೆರೆ, ಅದೇ ಚುಕ್ಕಿಗಳು,
ನಾಲ್ಕು ಸಾವಿರದ ನಾನೂರರ ಆಚೆ
ಅದೇ ಉಬ್ಬು.
ಬಸುರೋ ಬರೀ ವಾಯುವೋ
ಕೇಳಬಾರದ ಹಾಗೆ ಕೂತಿದೆ.

ಭಾರದ ಲ್ಯಾಂಬ್ಡಾ ಒಡೆದಾಗ ನನಗೆ ಸಿಗುವುದು
ಒಂದು ಪ್ರೋಟಾನು, ಒಂದು ಜೆ-ಸೈ, ಒಂದು ಕೇಯಾನು.
ನಡುವೆ ಏನಾಯಿತೆಂದು ಕಂಡವರಿಲ್ಲ.
ತಟ್ಟೆಯ ಅಂಚಿನ ಬಂಗಡೆ ಮುಳ್ಳು ಎಣಿಸಿ
ಉಂಡವರೆಷ್ಟು ಜನ ಎಂದು ಹೇಳುವ ಕೆಲಸ ನನ್ನದು.

ಐದು ಕ್ವಾರ್ಕುಗಳು ಒಂದೇ ಒಲೆಗೆ ಸೇರಿ
ಎವೆಯ ಕೋಟಿ ಕೋಟಿಯ ಪಾಲಿನಷ್ಟಾದರೂ ಸಂಸಾರ ಮಾಡಿದ್ದರೆ
ಹೀಗೇ ಉಬ್ಬುತ್ತದೆ ಗೆರೆ.
ಯಾರೂ ಸಂಸಾರ ಹೂಡದೆ
ಹೊಸ್ತಿಲಲ್ಲಿ ಬರೀ ನೂಕುನುಗ್ಗಲಾದರೂ
ಹೀಗೇ.
ಉಬ್ಬು ಕೂತಿರುವುದೋ, ಸರಿಯಾಗಿ ಹೊಸ್ತಿಲ ಮೇಲೆ.

ಪುರಸು ಹರಿಕಂತ್ರನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು.
ಬೆಳಿಗ್ಗೆ ಐದಕ್ಕೆ ಬಾಗಿಲು ಬಡಿದ:
"ಏಳು ಬಾಯೆ, ನಿನ್ನ ಉಬ್ಬು ತೋರಿಸ್ತೆ."

ಕಾಳಿ ಸೇತುವೆ ಬೆನ್ನಿಗೆ, ದೇವಬಾಗದ ಗಾಳಿಮರ ಬಲಕ್ಕೆ.
ಅಮಾಸೆಯ ಇಳಿತ.
ಎಂಜಿನ್ ಆರಿಸಿ ಬೀಡಿಯ ಕೈ ನೀಡಿದ.
ಅಳಿವೆಯ ನಟ್ಟನಡುವೆ ನೀರು ಗುಡ್ಡೆಯಾಗಿ
ಹರಿಯುತ್ತಲೇ ನಿಂತಿತ್ತು.

"ಅಜ್ಜನ ಕಾಲದಿಂದ ಇದು ಕರಿಕಲ್ಲು.
ಎಲ್ಲ ದೋಣಿ ಸುತ್ತು ಹಾಕಿಯೇ ಹೋಗೂದು.
ಅಪ್ಪ ವರ್ಷಕ್ಕೊಂದು ಕಾಯಿ ಒಡೀತಿದ್ದ.
ನಾನು ಹದಿನೇಳರಲ್ಲಿ ಸೀಸದ ಗುಂಡು ಕಟ್ಟಿ ಹಗ್ಗ ಬಿಟ್ಟೆ.
ಆರು ಮಾರು. ಕೆಸರು.
ಕಲ್ಲೇ ಇಲ್ಲ."

ಹೊಳೆಯ ನೀರು ಕಂಬದಲ್ಲಿ ಎರಡಾಗುತ್ತದಂತೆ.
ಒಂದು ನಿಧಾನ, ಸೀದಾ ಕಡಲಿಗೆ.
ಇನ್ನೊಂದು ಮರಳದಿನ್ನೆಗೆ ಬಡಿದು ಮತ್ತೆ ಒಡೆದು
ಅದರದೊಂದು ಕವಲು ಓಡೋಡಿ ಬಂದು
ಮೊದಲು ಹೋದದ್ದರ ಬೆನ್ನು ಹಿಡಿಯುತ್ತದೆ.
ಹಿಡಿದಲ್ಲಿ ಉಬ್ಬು.

ಮಾತಾಡಲಿಲ್ಲ ನಾನು.
ಹೋದ ವಾರ ಕರೆಂಟು ಬಿಲ್ಲಿನ ಬೆನ್ನಿಗೆ
ಇದೇ ತ್ರಿಕೋನ ಬರೆದಿದ್ದೆ, ಇದೇ ಮೂರು ಕೈ,
ಹಿಂದೆ ಹೊರಟದ್ದು ಮುಂದಿನದನ್ನು ಮುಟ್ಟಲು ಬೇಕಾದ
ಇದೇ ವೇಗದ ಲೆಕ್ಕ.

"ಸುಳಿ ನೋಡಬೇಕು," ಎಂದೆ ಕೊನೆಗೆ.
"ನಿಜವಾದದ್ದರ ಸುತ್ತ ಒಂದು ಸುತ್ತು ಬರಲೇಬೇಕು."
ಅವನು ಕಾಯಿಗೆರಟೆ ಎಸೆದ.
ಅದು ಇಲ್ಲದ ಕಲ್ಲನ್ನು
ಅಂದವಾಗಿ ಸುತ್ತಿ ಬಂತು.

"ಭರತಕ್ಕೆ ಬಾ. ಕಡಲ ಕಡೆಯಿಂದ ಬಾ.
ಆಗಲೂ ಇಲ್ಲೇ ಇದ್ದರೆ ಕಲ್ಲು ಅನ್ನು."
ಬಂದಿದ್ದಾರೆ, ಪುರಸು.
ಬೆಳಕನ್ನೇ ಪ್ರೋಟಾನಿಗೆ ಎಸೆದು ನೋಡಿದ್ದಾರೆ,
ಆ ದಾರಿಯಲ್ಲಿ ಈ ತ್ರಿಕೋನ ಕೂಡುವುದಿಲ್ಲ.
ಏನೂ ಕಂಡಿಲ್ಲ ಇನ್ನೂ.
ಬಲೆಯ ಕಣ್ಣು ದೊಡ್ಡದೋ, ಮೀನೇ ಇಲ್ಲವೋ
ಹೇಳುವಷ್ಟು ಸಲ ಬಲೆ ಬೀಸಿಲ್ಲ.

ತಿರುಗಿ ಬರುವಾಗ ಅವನೂ
ಇಲ್ಲದ ಕರಿಕಲ್ಲನ್ನು ಸುತ್ತಿಕೊಂಡೇ ಬಂದ.
ನಕ್ಕೆ.
"ನಗಬೇಡ. ದೋಣಿ ಮಗುಚೂಕೆ
ಕಲ್ಲೇ ಬೇಕಂತಿಲ್ಲ."

ಆಮೇಲೆ, ಬೈತಖೋಲದ ಲಾಂಚುಗಳು ದೂರದಲ್ಲಿ ಕೆಮ್ಮುತ್ತಿರುವಾಗ,
ಕನ್ನಡಿಯಂಥ ನೀರಿನಲ್ಲಿ
ಒಮ್ಮೆಲೇ ಚುಕ್ಕಾಣಿ ಎಳೆದ.
ಏನಿದೆ ಇಲ್ಲಿ? ಉಬ್ಬಿಲ್ಲ, ನೊರೆಯಿಲ್ಲ,
ನೋಡಿದರೆ ನೀರು ಕೂದಲೆಳೆಯಷ್ಟು ತಗ್ಗಿದಂತಿದೆ.
"ಕಲ್ಲಿದೆ. ತಮ್ಮ ಘಾರುವಿನ ಬಲೆ
ಎರಡು ಸಲ ಹರಿದಿದೆ."

ಕಾಲಿನ ಮರಳೂ ತೊಳೆಯದೆ
ಪರದೆ ತೆರೆದೆ.
ಉಬ್ಬಿನ ಎಡಕ್ಕೆ ಮೂರು ಚುಕ್ಕಿ,
ಗೆರೆಗಿಂತ ಕೆಳಗೆ ಜಾರಿದವು.
ಹಿನ್ನೆಲೆ ಎಂದು ಹೆಸರಿಟ್ಟು
ಎರಡು ವರ್ಷ ಅವುಗಳ ಮೇಲೇ
ನುಣ್ಣಗೆ ಗೆರೆ ಎಳೆದುಕೊಂಡು ಬಂದವಳು ನಾನು.
ಎರಡು ಅಲೆ ಎದುರುಬದುರಾದರೆ
ಇರುವುದೂ ತಗ್ಗಾಗಿಯೇ ಕಾಣಬಹುದಲ್ಲ.

ಟಿಪ್ಪಣಿಯ ಕೊನೆ ಸಾಲು ಅಳಿಸಿದೆ.
ಹೊಸದು ಬರೆದಿಲ್ಲ.
ಕೆಳಗೆ ಕೇರಿಯಲ್ಲಿ ಘಾರು
ನೂಲು ಹಲ್ಲಲ್ಲಿ ಕಚ್ಚಿ
ಬಲೆ ಹೊಲಿಯುತ್ತಿದ್ದಾನೆ.
ಎಷ್ಟು ಅಗಲ ಹರಿದಿದೆ ಎಂದು
ಹೋಗಿ ಅಳೆಯಬೇಕು.