ಮೆಣಸಿನಕಾಯಿ ಒಣಗೋ ಕಲ್ಲು

ಲಕ್ಕುಂಡಿದು ಪೂರಾ ಬಾಯಿಪಾಠ ನಂಗ.
ಬಾವಿಗೆ ಎಷ್ಟು ಮೆಟ್ಟಲ, ಕಂಬಕ್ಕ ಎಷ್ಟು ಪಟ್ಟಿ,
ಎಲ್ಲಿ ನಿಂತು ಕೂಗಿದ್ರ ಬಾವಿ ತಿರುಗಿ ಕೂಗತೈತಿ,
ಯಾವ ಮಾತಿಗೆ ಸಾಲಿ ಹುಡುಗರು ನಗತಾರ.
ರುಂಡ ಇಲ್ಲದ ಜಿನನ ಮುಂದ
ಯಾರಾರ ಒಬ್ರು ಕೇಳೇ ಕೇಳತಾರ, "ಯಾರು ಒಡದ್ರು?"
ಅದಕ್ಕೂ ಉತ್ತರ ಐತಿ, ಯಾರ ಮನಸಿಗೂ ಹತ್ತದಂಥಾದ್ದು:
"ಕಾಲ, ಸರ, ಕಾಲ."
ತಲಿಗೆ ಇಪ್ಪತ್ತು ರೂಪಾಯಿ.

ಈ ಸಲ ಹುಬ್ಬಳ್ಳಿಯಿಂದ ಒಂದು ಟೆಂಪೋ.
ಹದಿಮೂರು ಮಂದಿ, ಸಭೆಯ ಹೆಣ್ಮಕ್ಕಳ ಬಾಳ,
ಬುತ್ತಿಯಾಗ ಚಪಾತಿ, ಶೇಂಗಾ ಚಟ್ನಿ, ಒಂದು ಕೇಕು.
ಮುಂದಿನ ಸೀಟಿನಾಗ ಸುಲೋಚನಾ ಎಫ್ರಾಯಿಮ್ ಟೀಚರು,
ಎಂಬತ್ತು ದಾಟಿದವರು,
ಕೋಲಿಲೆ ಟೆಂಪೋದ ಬಾಗಲ ಕುಟ್ಟಿ ಅಂದ್ರು:
"ದಾವಲಸಾಬ, ಮೊದಲ ಬೆಟಗೇರಿ. ಮಿಷನ್ ಗೋರಿಗಳು.
ಆಮ್ಯಾಲ ನಿನ್ನ ಲಕ್ಕುಂಡಿ."

ಆ ಗೋರಿಗಳಿಗೆ ನನ್ನ ಹತ್ರ ಪಾಠ ಇದ್ದಿಲ್ಲ.
ರಾತ್ರಿ ಮಗಳ ಫೋನಿನಾಗ ಹುಡುಕಿದ್ದೆ:
ಜರ್ಮನಿ, ಹಡಗು, ಮಗ್ಗ, ಹೆಂಚು, ಸಾಲಿ.
ಐದು ಮಾತು. ಗೇಟು ದಾಟೂದರಾಗ ಮುಗದ್ವು.

ಆಗ ಬಂದ್ಲು ರೆಬೆಕ್ಕವ್ವ, ಕಾವಲುಗಾರನ ಹೆಂಡ್ತಿ,
ಸೆರಗಿಗೆ ಕೈ ಒರಸ್ಕೋತ.
"ಈ ಕಲ್ಲು ಸಂಜೀತನಕಾ ಕಾದಿರತೈತಿ, ಮೆಣಸಿನಕಾಯಿ ಇದರ ಮ್ಯಾಲ.
ಇದು ನೆರಳಿಂದು, ಶಾವಿಗಿ ಹಾಕಿದ್ರ ಬೂಸಲ ಹಿಡೀತೈತಿ.
ಇಲ್ಲಿ ನಮ್ಮ ಕರಿ ಆಡು ಎರಡು ಸಲ ಈದೈತಿ.
ಇದು ಕೂಸಿಂದು. ಇದರ ಮ್ಯಾಲ ಏನೂ ಒಣಗಸೂದಿಲ್ಲ."
"ಯಾಕ?"
"ಸಣ್ಣದೈತಲ್ರೀ," ಅಂದ್ಲು, "ಎಷ್ಟು ಹಿಡದೀತು?"
ಅಂದಾಕಿ, ಆ ಕಡೆ ಮಾರಿ ಮಾಡಿ ಆಡು ಹೊಡದ್ಲು.

ಟೀಚರು ಮೊಣಕಾಲೂರಿ ಕೂತ್ರು.
ಮ್ಯಾಲಿನ ಅಕ್ಷರ ಮುಳ್ಳಬೇಲಿ ಹಂಗ, ಯಾರಿಗೂ ಬರಲಿಲ್ಲ.
ಕೆಳಗ ಕನ್ನಡ ಇತ್ತು.
ಬೆರಳಿಗೆ ಉಗುಳು ಹಚ್ಚಿ, ಧೂಳ ತಿಕ್ಕಿ,
ಒಂದನೇ ಇಯತ್ತೆಗೆ ಕಲಿಸಿದಂಗ ಬಿಡಿಸಿ ಓದಿದ್ರು:
"ಹ-ನ್ನೊಂ-ದು ದಿ-ವ-ಸ."
ಹೆಸರಿದ್ದಲ್ಲಿ ಕಲ್ಲು ಸೀಳಿತ್ತು.
"ಯಾರು ಒಡದ್ರು?" ಹಿಂದಿಂದ ಒಂದು ದನಿ.
ಬಾಯಿಗೆ ಬಂದಿದ್ದ ಕಾಲವನ್ನ ನುಂಗಿದೆ.
"ಬೇವಿನ ಬೇರು," ಅಂದೆ. ಕಾಣ್ತಿತ್ತಲ್ಲ.

ಬೇರಿನ ಬೆನ್ನು ಹತ್ತಿ ಹೋದ ಕಣ್ಣು ನಿಂತದ್ದು ಶಿಲುಬಿ ಬುಡಕ್ಕ.
ಎರಡು ಬೆರಳಗಲ ಬಳ್ಳಿ. ಬಳ್ಳಿ ಸುರುಳಿಯಾಗ ಹಂಸ,
ಕೊಕ್ಕು ಹಿಂದಕ್ಕ ತಿರುವಿ ತನ್ನ ಗರಿ ತಾನ ಕಚ್ಚಿದ್ದು.

ಆ ಹಂಸ ನಂಗ ಗೊತ್ತು.
ಇಪ್ಪತ್ತೆರಡು ವರ್ಷ ಟಾರ್ಚ್ ಹಿಡದು ತೋರಿಸೇನಿ,
ಬಾಗಲ ಚೌಕಟ್ಟು, ಎಡಗಡೆ, ಕೆಳಗಿಂದ ಮೂರನೇ ಸಾಲು.

ಯಾವನೋ ಒಬ್ಬ ಕಲ್ಲುಕುಟಿಗ
ಸಾಹೇಬ ಕಾಗದದ ಮ್ಯಾಲ ಗೀರಿ ಕೊಟ್ಟ ಶಿಲುಬಿ
ಅಳತಿ ತಪ್ಪದಂಗ ಕಡದು,
ಇನ್ನ ನಾಕು ಬೆರಳು ಕಲ್ಲು ಖಾಲಿ ಉಳೀತಲ್ಲ ಅಂತ
ಕೈಗೆ ಗೊತ್ತಿದ್ದದ್ದನ್ನ ಬಿಟ್ಟಾನ.
ಹಂಸಕ್ಕ ಬ್ಯಾರೆ ಕೂಲಿ ಕೇಳಿದ್ನೋ ಇಲ್ಲೋ.
ಸಾಹೇಬ ಬೈದ್ನೋ,
ಇಲ್ಲಾ, ಆ ತಾಯಿ ಅದರ ಮ್ಯಾಲ ಬೆರಳಾಡಿಸಿದ್ಲೋ.
ಎಲ್ಲೂ ಬರದಿಲ್ಲ ಇದು. ನಾನ ಕಟ್ಟಿದ್ದು.
ಟೀಚರಿಗೆ ಹೇಳಿದೆ.
ನಂಬಲಿಲ್ಲ ಅವರು, ನಂಬೂದಿಲ್ಲ ಅಂತ ಅನ್ನಲೂ ಇಲ್ಲ.
"ತೋರ್ಸು ನಡಿ."

ಲಕ್ಕುಂಡಿಯಾಗ ಅವತ್ತ ಮೆಟ್ಟಲ ಎಣಸಲಿಲ್ಲ,
ಬಾವಿಯಾಗ ಕೂಗಲಿಲ್ಲ.
ಸೀದಾ ಬಾಗಲಿಗೆ. ಟಾರ್ಚ್. ಮೂರನೇ ಸಾಲು.
ಅದ ಬಳ್ಳಿ, ಅದ ಸುರುಳಿ, ಅದ ಕುತ್ತಿಗಿ ತಿರುವು.
ಕೊಕ್ಕು ಇದ್ದಿಲ್ಲ.
ಮುರದು ನೂರಾರು ವರ್ಷ ಆಗಿರಬೇಕು, ಅಂಚು ಸವದಿತ್ತು.
ಇಷ್ಟು ವರ್ಷ "ಹಂಸ ನೋಡ್ರಿ, ಹಂಸ" ಅಂದವ ನಾನು,
ನೋಡಿದವ ಅಲ್ಲ.
ಟೀಚರು ಆ ಸಣ್ಣ ಕುಳಿಯಾಗ ಹೆಬ್ಬೆರಳು ಇಟ್ರು.
ಹೊರಗ ಕೇಕು ಹಂಚಾಕತ್ತಿದ್ರು, ಯಾರೋ ಕರದ್ರು.
ಅವರು ಲಗೂ ತಗೀಲಿಲ್ಲ.

ಮರುದಿನ ನರೇಗಲ್ಲದ ಸಾಲಿ ಬಸ್ಸು.
ಬಾವಿಯಾಗ ಕೂಗಿದೆ, ಬಾವಿ ಕೂಗಿತು, ಹುಡುಗರು ನಕ್ರು.
ಮೂರನೇ ಸಾಲಿಗೆ ಟಾರ್ಚ್ ಬಿಟ್ಟು ಸುಮ್ಮನ ನಿಂತೆ.
ಎರಡು ಜಡಿ ಹುಡುಗಿ ಒಬ್ಬಾಕಿ,
"ಇದರ ಕೊಕ್ಕು ಎಲ್ಲಿ ಹೋತ್ರಿ ಸರ?"

"ಬೆಟಗೇರಿಯಾಗ ಐತಿ," ಅಂದೆ,
"ಮೆಣಸಿನಕಾಯಿ ಒಣಗೋ ಕಲ್ಲಿನ ಮಗ್ಗಲ."