ನಲವತ್ತಮೂರು ಮನೆ

ಸಾಮ್ಸೊ ದ್ವೀಪದ ಕಟ್ಟೆಗೆ ಆ ಸೆಪ್ಟೆಂಬರಿನಲ್ಲಿ
ದೋಣಿಯಿಂದ ಸೈಕಲ್ಲು ಇಳಿಸಿಕೊಂಡವನು ಎಸ್ಕಿಲ್ ಟೋಫ್ಟ್.
ಕ್ಯಾರಿಯರಿಗೆ ಬಿಗಿದದ್ದು ಒಂದು ಬೂಟಿನ ಡಬ್ಬಿ,
ಅದರ ತುಂಬ ಖಾಲಿ ಚೀಟಿ,
ಚೀಟಿಯ ಮೂಲೆಗೆ ಕೊಪನ್‌ಹೇಗನ್ನಿನ ನಿಘಂಟು ಕಚೇರಿಯ ಮೊಹರು.
ಅವನಿಗೆ ಹಂಚಿದ ಪ್ರಶ್ನೆ ಇಷ್ಟು:
ತನ್ನ ಬಗ್ಗೆ ತನಗೇ ಬಲು ಸಂತೋಷವಾಗಿ
ಕೆನ್ನೆ ತುಸು ಮಿರುಗುವವರಿಗೆ
ಇಲ್ಲಿ ಏನನ್ನುತ್ತೀರಿ?

ಕೇಳಿದ್ದೇ ತಡ, ಬಾಗಿಲುಗಳು ಅಗಲವಾದವು.
ನೇಗಿಲ ಬೆಣೆಗೆ, ಕರುವಿನ ಕಜ್ಜಿಗೆ
ಹೆಸರು ಕೇಳಿದಾಗ ತಲೆ ಕೆರೆದುಕೊಂಡವರು
ಇದಕ್ಕೆ ಕುರ್ಚಿ ಎಳೆದರು, ಕಾಫಿ ಬಗ್ಗಿಸಿದರು.

"ಸೆಲ್‌ಗ್ಲಾಡ್" ಅಂದಳು ಬಲೆ ಹೊಲಿಯುತ್ತಿದ್ದ ಬೊಟಿಲ್ಡ.
ತನ್ನಲ್ಲಿ ತಾನೇ ಹಿಗ್ಗುವವರು. ಬರೆದುಕೋ:
ವಿಧವೆಗೆ ಹತ್ತು ಮೊಟ್ಟೆ ಕೊಟ್ಟು
ಮಾರನೆಯ ಬೆಳಿಗ್ಗೆ ಅವಳ ತಿಪ್ಪೆಯಲ್ಲಿ
ಚಿಪ್ಪು ಎಣಿಸಿ ಬಂದವಳು.
ಹೆಸರು ನಾನು ಹೇಳುವುದಿಲ್ಲ.
ಬಾಗಿಲು ಹಸಿರು.

ಹಸಿರು ಬಾಗಿಲಿನ ಹಿಂದೆ ಸಿಕ್ಕಿದ್ದು "ಓಪ್‌ಬ್ಲೆಸ್ಟ್".
ಹಂದಿ ಕೊಯ್ದ ದಿನ ಅದರ ಉಚ್ಚೆಚೀಲಕ್ಕೆ
ಹುಡುಗರು ಗಾಳಿ ಊದುತ್ತಾರಲ್ಲ, ಹಾಗೆ.
ನಮ್ಮ ಕನ್ನಡದ ಬೀಗುವುದೂ ಊತವೇ.
ತುದಿಯ ಉಕಾರ ಜಾರಿದರೆ ಬೀಗ:
ಒಳಗಿಂದ ಜಡಿದದ್ದು, ಕೀಲಿ ತನ್ನ ಹತ್ತಿರವೂ ಇಲ್ಲ.
ಉದಾಹರಣೆಗೆ? ಬೊಟಿಲ್ಡಳ ಗಂಡ.
ಏಳು ದಿನ ಸಾರಾಯಿ ಬಿಟ್ಟು
ಎಂಟನೆಯ ದಿನದಿಂದ ಊರಿಗೆಲ್ಲ ಉಪದೇಶ.

ಚರ್ಚಿನ ಗಂಟೆಯ ಲಾವ್ರಿಟ್ಸ್ ಪಾದ್ರಿಯನ್ನು ಕೊಟ್ಟ:
ಹುಲ್ಲಿಗಿಂತ ಕೀಳು ನಾನು ಎಂದು ಮಂಡಿಯೂರಿ
ಒಂದೇ ಕಣ್ಣು ತೆರೆದು
ಎಷ್ಟು ಜನ ಕೇಳಿಸಿಕೊಂಡರು ಎಂದು ನೋಡುವವರು.
ಪಾದ್ರಿ ಲಾವ್ರಿಟ್ಸನನ್ನು ಕೊಟ್ಟರು:
ತಾನು ಹಗ್ಗ ಎಳೆಯದಿದ್ದರೆ
ದೇವರಿಗೆ ಎಚ್ಚರವಾಗದು ಎಂದುಕೊಂಡವನು.
ಲಾಳ ಹೊಡೆಯುವವ ಆಲೂಗಡ್ಡೆಯವನನ್ನು, ಅವನು ಮೇಷ್ಟ್ರನ್ನು,
ಮೇಷ್ಟ್ರು ಉತ್ತರದ ಹಳ್ಳಿಯನ್ನು ಇಡಿಯಾಗಿ.
ಉತ್ತರದವರು ಚೀಟಿ ಸಾಲದೇನೋ ಎಂದು
ಮನೆಯ ಕಾಗದವನ್ನೇ ತಂದರು.

ಕೊನೆಗೆ, ದೋಣಿಗೆ ಹೊತ್ತಾಗುತ್ತಿದ್ದಾಗ,
ಕಟ್ಟೆಯ ಪಕ್ಕ ಬಟ್ಟೆ ಒಗೆಯುವ ಮಾರೆನ್.
ಕಿವಿ ಮಂದ. ಪ್ರಶ್ನೆ ಅವಳೊಳಗೆ ಬೇರೆಯಾಗಿ ಇಳಿಯಿತು.
"ನನ್ನ ಬಗ್ಗೆ ನನಗೆ ಸಂತೋಷವೇ ಅಂತಲೇ?
ಹೌದಪ್ಪ, ಇವತ್ತು ಆಗಿದೆ.
ನೋಡು, ಹೊದಿಕೆ ಎಷ್ಟು ಬೆಳ್ಳಗೆ ಒಣಗಿದೆ.
ಸ್ಮುಕ್."
ಚಂದ, ಅಂತ ಅದರ ಅರ್ಥ.
ಅದೇ ಪದದ ದಾಯಾದಿ ಕಡಲಾಚೆ ಇಂಗ್ಲಿಷಿನಲ್ಲಿ
ಸ್ಮಗ್ ಎಂದು ಹೆಸರಿಟ್ಟುಕೊಂಡು
ಗದ್ದ ಮೇಲೆತ್ತಿ ತಿರುಗುತ್ತದೆ ಎಂಬುದು
ಎಸ್ಕಿಲ್‌ಗೆ ಗೊತ್ತಿತ್ತು. ಮಾರೆನ್ನಳಿಗೆ ಬೇಕಿರಲಿಲ್ಲ.
ಪ್ರಶ್ನೆಗೆ ಹೊಂದದ ಉತ್ತರ;
ಅವನು ಬರೆದುಕೊಳ್ಳಲಿಲ್ಲ,
ಆ ಮನೆಯನ್ನು ಎಣಿಸಲೂ ಇಲ್ಲ.

ದೋಣಿಯಲ್ಲಿ ಚೀಟಿ ಜೋಡಿಸಿ, ಪೆನ್ನು ಬಿಚ್ಚಿ,
ಮೇಲಿನ ಚೀಟಿಯ ಅಂಚಿಗೆ ಬರೆದ:
"ನಲವತ್ತಮೂರು ಮನೆ ಸುತ್ತಿದೆ.
ಒಬ್ಬರಾದರೂ ತಮ್ಮ ಹೆಸರು ಹೇಳಲಿಲ್ಲ.
ನನಗಂತೂ ಆಶ್ಚರ್ಯವಾಗಲಿಲ್ಲ."
ಓದಿಕೊಂಡ. ಇನ್ನೊಮ್ಮೆ ಓದಿಕೊಂಡ.
ಕೊನೆಯ ಸಾಲಿನಡಿ ಗೆರೆ ಎಳೆದ.

ಕಚೇರಿಯಲ್ಲಿ ಕುಮಾರಿ ತೂರಾ ಮುಂಕ್
ಪೆನ್ಸಿಲು ಕಚ್ಚಿಕೊಂಡು ಎಲ್ಲ ಚೀಟಿ ಓದಿದಳು.
ಮೊಟ್ಟೆ, ಸಾರಾಯಿ, ಹುಲ್ಲು, ಹಗ್ಗ
ಎಲ್ಲವನ್ನೂ ಪಕ್ಕಕ್ಕೆ ಸರಿಸಿದಳು.
ಹನ್ನೊಂದು ವರ್ಷದ ಮೇಲೆ ಸಂಪುಟ ಅಚ್ಚಾಗಿ ಬಂದಾಗ
ಸೆಲ್‌ಗ್ಲಾಡ್ ಪದದ ಕೆಳಗೆ, ಉದಾಹರಣೆಯ ಜಾಗದಲ್ಲಿ,
ಹೆಸರಿಲ್ಲದೆ, ಅಂಚಿನ ಆ ಮೂರು ವಾಕ್ಯ.

ಎಸ್ಕಿಲ್ ಮೂರು ದಿನ ಊಟ ಬಿಟ್ಟನಂತೆ.
ಆಮೇಲೆ ಎರಡು ಪ್ರತಿ ಕೊಂಡ.
ಮುದುಕನಾದ ಮೇಲೂ, ಮನೆಗೆ ಯಾರೇ ಬರಲಿ,
ಕೋಟು ಕಳಚುವ ಮೊದಲೇ ಸಂಪುಟ ಇಳಿಸಿ,
ಸವೆದ ಪುಟ ತೆರೆದು, ಬೆರಳಿಟ್ಟು,
"ಇಡೀ ನಿಘಂಟಿನಲ್ಲಿ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ"
ಅನ್ನುತ್ತಿದ್ದ,
ಕೆನ್ನೆ ತುಸು ಮಿರುಗುತ್ತಿತ್ತು.